ಹುರುಪೆ

ಕೋಡಿಬಾಗದ ಲಾಡ್ಜಿನ ಮೇಲ್ಮಹಡಿ. ಯಾರದೋ ಆರತಕ್ಷತೆಯ
ಬಲೂನಿನ ಚೂರು ಇನ್ನೂ ಫ್ಯಾನಿಗೆ ನೇತಾಡುತ್ತಿದೆ.
ಕೆಳಗೆ ನಾವು ಹನ್ನೊಂದು ಮಂದಿ ಚಷ್ಮಾದಂಗಡಿಯವರು.
ಅಂಕೋಲೆ, ಕುಮಟೆ, ಹೊನ್ನಾವರ; ಶಿರಸಿಯಿಂದ ಒಬ್ಬ,
ದೇವಿಮನೆ ಘಟ್ಟದ ತಿರುವಿನಲ್ಲಿ, ಪಾಪ, ವಾಂತಿ ಮಾಡಿಕೊಂಡು ಬಂದವ.

ಹುಬ್ಬಳ್ಳಿಯ ಟ್ರೇನರ್ ಮೊದಲು ಹೇಳಿದ್ದು:
"ಉಗುರು ತೋರಿಸಿ."
ಇಪ್ಪತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತ ನಾನು
ಮೂರನೇ ಇಯತ್ತೆಯ ಹುಡುಗಿಯಂತೆ ಕೈ ಚಾಚಿದೆ.

ಸೋಪು. ಬೆರಳ ಸಂದು. ಬಟ್ಟೆಯ ಎಳೆ ಅಂಟಬಾರದು.
ನಲ್ಲಿ ನೀರು ಬೇಡ. ಬಾವಿ ನೀರು ಬೇಡವೇ ಬೇಡ.
ಉಗುಳು ಹಚ್ಚುವವರೂ ಇದ್ದಾರೆ, ಎಂದು ನಕ್ಕರು.
ಉಗುಳು ಬೇಡ, ಬರೆದುಕೊಂಡೆ. ಕೆಳಗೆ ಗೆರೆ ಎಳೆದೆ.

ಬೆರಳ ತುದಿಯಲ್ಲಿ ಲೆನ್ಸು ಬಟ್ಟಲಾಗಿ ಕೂತರೆ ಸರಿ,
ತಟ್ಟೆಯಂತೆ ಅಂಚು ಚಾಚಿದರೆ ಮಗುಚಿದೆ.
ನನಗೆ ಎರಡೂ ಒಂದೇ ಕಂಡವು, ಊಟದ ತನಕ.

ಮಧ್ಯಾಹ್ನ ಜೋಡಿ ಜೋಡಿ.
ನನ್ನ ಪಾಲಿಗೆ ಭಟ್ಕಳದ ಸಬೀಹಾ, ಡಿಪ್ಲೊಮಾ ಮುಗಿಸಿ ಆರು ತಿಂಗಳು.
"ಗದ್ದ ಇಲ್ಲಿಡಿ ಅಕ್ಕಾ. ಹಣೆ ತಾಗಿಸಿ."
ಬೆಳಕನ್ನು ಸೀಳಿನಷ್ಟು ಕಿರಿದು ಮಾಡಿದಳು.
ಎಷ್ಟು ಸಾವಿರ ಕಣ್ಣು ಅಳೆದಿದ್ದೇನೋ,
ನನ್ನದನ್ನು ಇಷ್ಟು ಹತ್ತಿರ ಯಾರೂ ನೋಡಿರಲಿಲ್ಲ.
ಕಟ್ಟಿಕೊಂಡವನೂ.

"ಇಲ್ಲೊಂದು ಹಳೇ ಗಾಯ. ಕಮಾನಿನ ಹಾಗೆ."
ಟ್ರೇನರ್ ಎಲ್ಲರನ್ನೂ ಕರೆದರು. ಸಾಲು ನಿಂತು ನೋಡಿದರು.
ಶಿರಸಿಯವ ಎರಡು ಸಲ.
ಏನಾಗಿತ್ತು?

ಬೈತಕೋಲದ ಧಕ್ಕೆ. ನನಗೆ ಆರು ವರ್ಷ.
ಆಯಿ ಶೇವಟೆ ಮೀನು ಹೆರೆಯುತ್ತಿದ್ದಳು.
ಹಾರಿದ ಹುರುಪೆ, ಗುಂಡಗೆ, ಗಾಜಿಗಿಂತ ತೆಳ್ಳಗೆ,
ನೇರ ಬಂದು ಕಣ್ಣಿನ ಮೇಲೆ ಕೂತಿತು,
ಅಳತೆ ಕೊಟ್ಟು ಮಾಡಿಸಿದ ಹಾಗೆ.

ಆಯಿ ತನ್ನ ಕೈ ನೋಡಿಕೊಂಡಳು: ರಕ್ತ, ಉಪ್ಪು, ಕರುಳು.
ಸೆರಗೂ ಅದೇ.
ನನ್ನ ತಲೆಯನ್ನು ಎರಡು ಮೊಣಕೈ ನಡುವೆ ಅದುಮಿ
ಬಾಗಿ, ನಾಲಗೆಯ ತುದಿಯಿಂದ ಎತ್ತಿದಳು.
ಕೈ ಶುದ್ಧವಿಲ್ಲವೆಂದು ಗೊತ್ತಿತ್ತಲ್ಲ. ಅಷ್ಟಾದರೂ ಗೊತ್ತಿತ್ತು.

ಇದನ್ನು ಹೇಳಲಿಲ್ಲ.
"ಮರಳು ಬಿದ್ದಿತ್ತು" ಅಂದೆ.

ನನ್ನ ಸರದಿ. ಎಡಗೈಯಿಂದ ಮೇಲಿನ ರೆಪ್ಪೆ,
ಬಲಗೈಯ ನಡುಬೆರಳಿನಿಂದ ಕೆಳಗಿನದು.
"ಆ ಬಲೂನು ನೋಡು" ಅಂದೆ ಸಬೀಹಾಗೆ.
ಬೆರಳು ನಡುಗಲಿಲ್ಲ. ಬಾಗಿದೆ, ಇನ್ನೊಂದು ಕೂದಲೆಳೆ,
ಅವಳು ಫಕ್ಕನೆ ನಕ್ಕುಬಿಟ್ಟಳು:
"ಅಕ್ಕಾ, ನಿಮ್ಮ ನಾಲಗೆ!"
ಹಲ್ಲಿನ ನಡುವಿನಿಂದ ತುದಿ ಹೊರಗೆ ಬಂದಿತ್ತಂತೆ, ನನಗೆ ತಿಳಿಯದೆ.

ಲೆನ್ಸು ಕೆನ್ನೆಯ ಮೇಲೆ ಜಾರಿತು.
"ಮತ್ತೆ ಮೊದಲಿಂದ," ಎಂದರು ಟ್ರೇನರ್.
"ಕೈ ತೊಳೆಯಿರಿ."