ಏಳು ಮಂದಿ ಸೋಗಿನವರು

ಕ್ರಿಸ್‌ಮಸ್ಸು ಕಳೆದ ಮೂರನೆಯ ರಾತ್ರಿ.
ನಮ್ಮ ಕೊಲ್ಲಿಯಲ್ಲಿ ಇದ್ದದ್ದೇ ಹದಿನಾಲ್ಕು ಮನೆ,
ನ್ಯೂಫೌಂಡ್‌ಲ್ಯಾಂಡಿನ ನಕಾಶೆಯ ಮೇಲೆ
ನೊಣವೊಂದು ಕೂತು ಎದ್ದುಹೋದಷ್ಟು ಊರು.
ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು.
ಅಮ್ಮ ಒಲೆಗೆ ಕಟ್ಟಿಗೆ ತುರುಕುತ್ತ ಅಂದಳು:
‘ಈ ವರ್ಷ ನಮ್ಮಲ್ಲಿಗೆ ಯಾರೂ ಬರಲಿಕ್ಕಿಲ್ಲ.’
ಆದರೂ ಕೇಕು ಕೊಯ್ದಿಟ್ಟಿದ್ದಳು,
ಲೋಟ ತೊಳೆದಿಟ್ಟಿದ್ದಳು, ಹತ್ತು.

ಆಮೇಲೆ ಬಾಗಿಲು ದಬದಬ.
‘ಸೋಗಿನವರು ಒಳಗೆ ಬರಬಹುದಾ?’
ದನಿ ಗಂಡೋ ಹೆಣ್ಣೋ ತಿಳಿಯದು,
ಉಸಿರು ಒಳಗೆಳೆದುಕೊಳ್ಳುತ್ತ ಆಡಿದ ಮಾತು,
ಬಾವಿಗೆ ಬಿದ್ದ ಕೊಡ ನೀರು ಕುಡಿದ ಹಾಗೆ.
ಹಾಗೇ ಆಡಬೇಕು, ಅದು ನೇಮ.
ಹೊರಗೆ ಬಿಟ್ಟ ಉಸಿರಲ್ಲಿ
ಯಾರ ಗುಟ್ಟೂ ನಿಲ್ಲದು.

ಬಂದರು, ಏಳು ಮಂದಿ.
ಮುಖಕ್ಕೆ ದಿಂಬಿನ ಚೀಲ, ಲೇಸಿನ ಪರದೆ,
ಗಂಡಸರ ಮೈಮೇಲೆ ಅಜ್ಜಿಯರ ಲಂಗ,
ಹೆಂಗಸರ ಕಾಲಿಗೆ ತೊಡೆಮಟ್ಟದ ಬೂಟು,
ಒಬ್ಬರ ಬೆನ್ನಿಗೆ ಮೆತ್ತೆಯ ಗೂನು,
ಒಬ್ಬರ ಹೊಟ್ಟೆಗೆ ಒಂಬತ್ತು ತಿಂಗಳ ದಿಂಬು.
ನೆಲದ ತುಂಬ ಕರಗುವ ಹಿಮ. ಅಮ್ಮ ಬೈಯಲಿಲ್ಲ.

ಗುರುತು ಹಿಡಿದರೆ ಮುಸುಕು ತೆಗೆಯಬೇಕು,
ತೆಗೆದವರಿಗೆ ಕೇಕು, ಒಂದು ಗುಟುಕು ರಮ್ಮು.
ನಗು ತಡೆಯಲಾರದೆ ಬಿಕ್ಕಿದ ಗೂನಿ, ಡ್ರುಸಿಲ್ಲಾ ಚಿಕ್ಕಮ್ಮ.
ಬಸುರಿಯ ಮೈಯೆಲ್ಲ ತಂಬಾಕು ನಾತ, ಅಂಗಡಿಯ ಹೆಡ್ಲಿ.
ಅವಳಿ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ಸಿಕ್ಕಿಬಿದ್ದರು.
ಪಾದ್ರಿಯ ಹೆಂಡತಿಯನ್ನು ನಮ್ಮ ನಾಯಿ ಹಿಡಿದುಕೊಟ್ಟಿತು,
ಬರೀ ಬಾಲದಿಂದ.
ಸೈಲಸ್ ತಾತನಂತೂ ಅಕಾರ್ಡಿಯನ್ ಹೊತ್ತೇ ಬಂದಿದ್ದ,
ಇನ್ನೆಲ್ಲಿಯ ಸೋಗು!

ಉಳಿದವನು ಬಾಗಿಲ ಹತ್ತಿರದ ಉದ್ದನೆಯವ.
ಕೂರು ಅಂದರೂ ಕೂರಲಿಲ್ಲ.
ಕಿಟಕಿ ಪಕ್ಕದ ಕುರ್ಚಿ, ಅಪ್ಪನದು, ಖಾಲಿ ಇತ್ತು.
ಅದಕ್ಕೆ ಬೆನ್ನು ಹಾಕಿ ನಿಂತಿದ್ದ.

‘ಕುಣಿ’ ಅಂದಳು ಅಮ್ಮ, ಕೈಹಿಡಿದೇ ಎಳೆದಳು.
ಮೂರನೆಯ ಸುತ್ತಿಗೆ ನಾನು ಕಂಡೆ:
ಅವನ ಎಡಗೈಗವಸಿನ ಕಿರುಬೆರಳು
ಹಿಂದಕ್ಕೆ ಮಡಚಿಕೊಂಡಿತ್ತು, ನಾಯಿಮರಿಯ ಕಿವಿಯಂತೆ.
ಒಳಗೆ ಬರೀ ಉಣ್ಣೆ.
ಆ ಬೆರಳಿಲ್ಲದವನು ಇಡೀ ಕೊಲ್ಲಿಗೆ ಒಬ್ಬನೇ,
ಲಿಯಾಂಡರ್.
ಮೇ ತಿಂಗಳಲ್ಲಿ ಅಪ್ಪನ ದೋಣಿಯಲ್ಲಿ ಹೋಗಿ
ಅಪ್ಪನಿಲ್ಲದೆ ದಡ ಹತ್ತಿದವನು.
ಅಂದಿನಿಂದ ನಮ್ಮ ಬೇಲಿ ಕಂಡರೆ ಸಾಕು,
ಬಂಡೆಗಳ ಸುತ್ತುದಾರಿ ಹಿಡಿಯುವವನು.

‘ಅಮ್ಮಾ, ಅದು—’ ಅಂದೆ.
ಅವಳ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಬಿತ್ತು,
ಜೋರಾಗಿ, ತಾಳ ತಪ್ಪದೆ.

ಆಮೇಲೆ ಊಹಿಸತೊಡಗಿದಳು.
‘ದೀಪಸ್ತಂಭದ ಓಬೆಡ್?’ ಅವನು ತಲೆಯಾಡಿಸಿದ.
‘ಓಬೆಡ್‌ನ ಅತ್ತೆ?’ ಎಲ್ಲರೂ ನಕ್ಕರು.
‘ಹಾಗಾದರೆ ಬಿಷಪ್ಪರೇ ಇರಬೇಕು!’
ಒಂದೊಂದೂ ತಪ್ಪು, ಬೇಕೆಂದೇ ತಪ್ಪು.
ಹೆಸರು ಬಾಯಿಗೆ ಬಂದರೆ ಮುಸುಕು ಕಳಚಬೇಕಲ್ಲ.
ಊರಿಗೆ ಊರಿಗೇ ಗೊತ್ತಿತ್ತು,
ಊರಿಗೆ ಊರೇ ಸೋತುಕೊಟ್ಟಿತು.

‘ನನ್ನ ಕೈಲಾಗಲಿಲ್ಲಪ್ಪ’ ಅಂದಳು ಕೊನೆಗೆ.
ನೇಮ ಮುರಿದು ಕೇಕು ಕೊಟ್ಟಳು,
ದ್ರಾಕ್ಷಿ ಹೆಚ್ಚು ಕೂತ ತುದಿಯ ತುಂಡು,
ಅಪ್ಪ ಯಾರಿಗೂ ಬಿಟ್ಟುಕೊಡದ್ದು.
ಅವನು ಮುಸುಕನ್ನು ಮೂಗಿನ ತನಕ ಎತ್ತಿದ.
ಗದ್ದ ಮಾತ್ರ ಕಂಡಿತು, ಅಗಿಯುವ ಗದ್ದ, ನಡುಗುವ ಗದ್ದ.
‘ಸಿಹಿ ಸಾಕಾ?’
‘ಹೂಂ’ ಅಂದ, ಉಸಿರು ಒಳಗೆಳೆದು.
ಅಕಾರ್ಡಿಯನ್ ನಿಂತಿತ್ತು. ಒಲೆಯಲ್ಲಿ ಚಟಚಟ.
ಮತ್ತೊಮ್ಮೆ, ಹೊರಗೆ ಬಿಟ್ಟ ಉಸಿರಲ್ಲಿ:
‘ಹೂಂ.’

ಇವತ್ತಿಗೂ ನಮ್ಮೂರಲ್ಲಿ ಕೇಳಿ ನೋಡಿ,
ಆ ವರ್ಷ ಬಂದವರು ಏಳು,
ಗುರುತು ಸಿಕ್ಕವರು ಆರೇ.
ಲಿಯಾಂಡರನನ್ನೇ ಬೇಕಾದರೆ ಕೇಳಿ.
‘ಆ ರಾತ್ರಿ ನಾನೆಲ್ಲಿ ಬಂದಿದ್ದೆ?’ ಅನ್ನುತ್ತಾನೆ,
ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು
ಚಹಾ ಆರಿಸಿಕೊಳ್ಳುತ್ತ.