ನಂಬರ್ ಇಲ್ಲದ ಸ್ಯಾಂಪಲ್

ಮೊದಲನೆಯದು ಸತ್ತಾಗ ವಯಸ್ಸು ಅಂದೆವು.
ಎರಡನೆಯದಕ್ಕೆ, ಯಾವುದೋ ಮಗು ಬಿಸ್ಕತ್ತು ಹಾಕಿರಬೇಕು.
ಮೂರನೆಯದು ಕಪ್ಪು ಗೋಲ್ಡ್‌ಫಿಶ್, ಉಬ್ಬುಗಣ್ಣಿನದು,
ಕಾಯುವ ಜನರೆಲ್ಲ ಅದನ್ನೇ ನೋಡುತ್ತಿದ್ದರು
ತಮ್ಮ ಹೆಸರು ಕೂಗುವ ತನಕ.
ಬುಧವಾರ ಬೆಳಿಗ್ಗೆ ಅದು ಪಂಪಿನ ಮಗ್ಗುಲಲ್ಲಿ
ಹೊಟ್ಟೆ ಮೇಲಾಗಿ ತೇಲುತ್ತಿದ್ದಾಗ
ಫಾಟಕ್ ಡಾಕ್ಟರು ಕನ್ನಡಕ ಹಣೆಗೇರಿಸಿ
"ಲ್ಯಾಬಿಗೆ ಶೋಭೆಯಲ್ಲ ಇದು," ಅಂದರು,
"ಪೇಶಂಟು ಬರುವ ಮೊದಲು ತೆಗೀರಿ."

ತೆಗೆದೆ. ಬಿಸಾಡಲಿಲ್ಲ.

ನಾರಾಯಣ ಪೇಠೆಯ ಈ ಎರಡನೇ ಮಹಡಿಯಲ್ಲಿ
ಹತ್ತೊಂಬತ್ತು ವರ್ಷ ಜನರ ರಕ್ತ ನೋಡಿದವಳು ನಾನು.
ದಿನವೆಲ್ಲ ಮರಾಠಿ; ಬಿಳಿ ಕಣ ಎಣಿಸುವಾಗ ಮಾತ್ರ
ಅಕ್ಕಲಕೋಟೆಯ ಶಾಲೆಯ ಒಂದು ಎರಡು ಮೂರು
ತಾನಾಗಿ ತುಟಿಗೆ ಬರುತ್ತದೆ.
ಯಾರ ಮುಖವೂ ನನಗೆ ಗೊತ್ತಿಲ್ಲ. ನಂಬರು ಗೊತ್ತು.
ಈ ಮುಖ ಗೊತ್ತಿತ್ತು. ಇದಕ್ಕೆ ನಂಬರಿರಲಿಲ್ಲ.

ರಾತ್ರಿ ಶಟರ್ ಅರ್ಧ ಇಳಿಸಿ
ಕಿವಿರಿನ ಒಂದು ಚೂರು ಕತ್ತರಿಸಿ ಗಾಜಿನ ಮೇಲಿಟ್ಟೆ.
ಹುಳ ಹುಡುಕಿದೆ. ಕೊಕ್ಕೆ, ಲಾಳದಾಕಾರದ ಬೀಜ,
ಬೂಷ್ಟಿನ ಎಳೆ. ಏನೂ ಇಲ್ಲ.
ಊದಿಕೊಂಡ ಬಾಚಣಿಗೆ ಹಲ್ಲುಗಳು,
ಬಹಳ ಹೊತ್ತು ಉಸಿರಿಗೆ ಎಳೆದಾಡಿದ ಗುರುತು.
ಮನುಷ್ಯರದಾಗಿದ್ದರೆ "ಲಕ್ಷಣಗಳೊಂದಿಗೆ ತಾಳೆ ನೋಡಿ"
ಎಂದು ಬರೆದು ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ.

ಉಪ್ಪು ಹಾಕಿದೆ. ನೀಲಿ ಹನಿ ಹಾಕಿದೆ.
ಅಕ್ವೇರಿಯಂ ಅಂಗಡಿಯ ಹುಡುಗ
"ತಾಈ, ಸೀಸನ್ನೇ ಹಾಗೆ" ಅಂದು ಇನ್ನೆರಡು ಮಾರಿದ.
ಅವೂ ಹೋದವು.
ದೂರು ಯಾರ ಮೇಲೆ ಹೊರಿಸಿಲ್ಲ ಹೇಳಿ:
ಕರೆಂಟು, ಖಡಕವಾಸಲಾದ ಕೆಂಪು ನೀರು, ಎದುರು ಮನೆಯ ಪೇಂಟಿಂಗು,
ರಿಸೆಪ್ಷನ್ನಿನ ಪ್ರಾಜಕ್ತಾಳ ಊದುಬತ್ತಿ.
ಪ್ರಾಜಕ್ತಾ ಎರಡು ದಿನ ನನ್ನೊಡನೆ ಚಹಾ ಕುಡಿಯಲಿಲ್ಲ.

ಆಮೇಲೆ ಸತ್ತ ದಿನಗಳನ್ನು ರಿಜಿಸ್ಟರಿನ ಹಿಂಪುಟದಲ್ಲಿ ಬರೆದೆ.
ಮಂಗಳವಾರ. ಬುಧವಾರ. ಬುಧವಾರ. ಮಂಗಳವಾರ.
ಯಾವ ರೋಗಕ್ಕೆ ವಾರ ಗೊತ್ತಿರುತ್ತದೆ?

ಯೂರಿಯಾ ನೋಡುವ ಕಿಟ್ಟಿನ ಬಣ್ಣದ ದ್ರಾವಣ
ತೊಟ್ಟಿಯ ನೀರಿಗೆ ಅರ್ಧ ಮಿಲಿ ಬಿಟ್ಟು
ಗಡಿಯಾರ ನೋಡುತ್ತ ನಿಂತೆ.
ಹಸಿರಾಯಿತು. ಶ್ರಾವಣದ ಸಿಂಹಗಡದಷ್ಟು ಹಸಿರು.
ಅಮೋನಿಯಾ. ತಮ್ಮ ಉಚ್ಚೆಯಲ್ಲೇ ಬೆಂದಿದ್ದವು.
ಮೊದಲೂ ಹೊಯ್ಯುತ್ತಿದ್ದವಲ್ಲ, ಆರು ವರ್ಷ,
ಆಗ ಯಾರು ಕುಡಿಯುತ್ತಿದ್ದರು ಈ ವಿಷ?

ತಾನುಬಾಯಿ ಬಂದಳು ಬಾಕಿ ಪಗಾರ ಕೇಳಲು,
ಮೆಟ್ಟಿಲ ಮೇಲೆ ಮೂರು ಸಲ ಕೂತು ಎದ್ದು.
ಮಂಡಿ ಹೋಯಿತೆಂದು ಆಷಾಢದಲ್ಲಿ ಕೆಲಸ ಬಿಟ್ಟವಳು.
ತೊಟ್ಟಿಯ ಮುಂದೆ ನಿಂತು ಫಿಲ್ಟರಿನ ಸ್ಪಂಜು ನೋಡಿದಳು.
ಬೆಳ್ಳಗೆ, ಇಡ್ಲಿಯ ಹಾಗೆ.
"ಯಾರು ತೊಳೀತಾರೆ ಇದನ್ನು?"

ನಾನೇ. ಶನಿವಾರ ಶನಿವಾರ. ನಲ್ಲಿಯ ಕೆಳಗೆ,
ಕೊನೆಯ ಕಪ್ಪು ಹನಿ ಹೋಗುವವರೆಗೆ,
ಆಮೇಲೆ ಸ್ಲೈಡು ತೊಳೆಯುವ ಬ್ಲೀಚಿನಲ್ಲಿ ಅದ್ದಿ, ಮತ್ತೆ ಜಾಲಿಸಿ.

"ಅಯ್ಯೋ ಬಾಯೀ," ಅಂದಳು, ನಗಲಿಲ್ಲ,
"ನಾನು ಅವುಗಳದೇ ಹಳೆ ನೀರಲ್ಲಿ
ಎರಡು ಸಲ ಹಿಂಡಿ ಇಟ್ಟುಬಿಡುತ್ತಿದ್ದೆ.
ಅಷ್ಟು ಕೊಳೆ ಬೇಕಲ್ಲ ಅವಕ್ಕೆ."

ಆ ಕಂದು ಲೋಳೆಯಲ್ಲಿ ಕೋಟಿ ಕೋಟಿ ಇದ್ದವು,
ಹತ್ತೊಂಬತ್ತು ವರ್ಷ ನಾನು ಯಾರನ್ನು ಹಿಡಿದು
ಕೆಂಪು ಶಾಯಿಯಲ್ಲಿ ಬರೆದೆನೋ ಅವರ ದಾಯಾದಿಗಳು,
ಹಗಲೂ ರಾತ್ರಿ ವಿಷ ಉಂಡು ಸುಮ್ಮನಿದ್ದವು.
ಅವನ್ನು ವಾರವಾರ ಕೊಂದು,
ಮೂರನೇ ದಿನ ನಾಲ್ಕನೇ ದಿನ
ಕೊಂದವರು ಯಾರೆಂದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದೆ.

ತಾನುಬಾಯಿಯ ಬಾಕಿ ಏಳುನೂರೈವತ್ತು.
ಡಾಕ್ಟರು ಆರುನೂರು ಅಂದರು.
ಉಳಿದದ್ದು ನಾನು ಕೊಟ್ಟೆ,
ಫೀಸು ಅಂತ ಹೇಳಲಿಲ್ಲ.

ಈಗ ಒಂದು ಉಳಿದಿದೆ, ಬಾಲ ಹರಿದ ಕೇಸರಿಯದು.
ಸ್ಪಂಜು ಮತ್ತೆ ಬಣ್ಣಗೆಡುತ್ತಿದೆ, ನಿಧಾನ.
ಶನಿವಾರ ಬಂದರೆ ಕೈ ತುರಿಸುತ್ತದೆ;
ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಿಲ್ಲುತ್ತೇನೆ.
ಹಿಂಪುಟದ ಪಟ್ಟಿಯ ಕೆಳಗೆ "ಕಾರಣ" ಎಂಬಲ್ಲಿ
ಇನ್ನೂ ಏನೂ ಬರೆದಿಲ್ಲ.
ಸಹಿ ಮಾತ್ರ ಹಾಕಿದ್ದೇನೆ.