ಎರಡನೇ ನಂಬರಿನ ಬೇರಿಂಗ್

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ
ಬೇಳೆ ಮಿಲ್ಲಿನ ಬೆನ್ನಿಗಿ ಹತ್ತಿದ ತಗಡಿನ ಖೋಲಿ.
ಬಾಡಿಗಿ ಎಂಟುನೂರು, ಲೈಟ್ ಬಿಲ್ ಬ್ಯಾರೆ.
ಗ್ವಾಡಿಗಿ ಹಳೇ ಗೋಣಿ ಬಡದು
ಇದೇ ಸ್ಟುಡಿಯೋ ಅಂದೆವು.
ಅನ್ನಲಿಕ್ಕ ರೊಕ್ಕ ಬೀಳಂಗಿಲ್ಲ.

ಬ್ಯಾಂಡಿನ ಹೆಸರು ಹೊಟ್ಟು.
ಬೇಳೆ ಒಡದು ಹೋದಮ್ಯಾಲೆ ಉಳಿಯೋದು,
ದನಕ್ಕ ಹಾಕೋದು, ಗಾಳಿಗಿ ಹಾರಿ ಕಣ್ಣಾಗ ಬೀಳೋದು.
ಆ ಹೆಸರು ಹುಡುಕಿದವ ಅಂಬಾರಾಯ.
ಹಗಲೆಲ್ಲ ಚೀಲ ಹೊಲೀತಾನ, ರಾತ್ರಿ ಡ್ರಮ್ ಬಡೀತಾನ,
ಎರಡಕ್ಕೂ ಒಂದೇ ಸಿಟ್ಟು.
ತಹಸೀನಳ ಕೀಬೋರ್ಡಿನಾಗ ಮೂರು ಮನಿ ಸತ್ತಾವ.
ಸತ್ತ ಮನಿ ದಾಟಿ ಜಿಗಿಯೋ ರಾಗ ಕಟ್ಟಿದಳು
ಕುಂಟಾಬಿಲ್ಲಿ ಆಡಿದಂಗ.
ಮೌನೇಶ ಹಾಡಂಗಿಲ್ಲ, ಒದರತಾನ;
ಹೆಸರಿಟ್ಟ ಸೋದರತ್ತಿ ಈಗೂ ನಗತಾಳ.
ನಾನು ಜಗದೇವಿ. ಕೆಂಪು ಗುಂಡಿ ಒತ್ತುವಾಕಿ.
ಒತ್ತಿ, ಉಸಿರು ಹಿಡಕೊಂಡು ಕೂಡುವಾಕಿ.

ಒಂಬತ್ತು ಹಾಡು, ಇಪ್ಪತ್ತೆರಡು ನಿಮಿಷ.
ಆಲ್ಬಮ್ಮಿಗಿ ಸಿಂಗಲ್ ಫೇಸ್ ಅಂತ ಇಟ್ಟೆವು:
ತ್ರೀ ಫೇಸ್ ಮಿಲ್ಲಿಗಿ, ಉಳಿದದ್ದು ನಮಗ.
ಒಂದು ಹಾಡು ಕರೆಂಟಿನ ಮೀಟರ್ ಮ್ಯಾಲೆ.
ಒಂದು, ರಿಂಗ್ ರೋಡಿನಾಗ ರಾತ್ರಿ ಹನ್ನೊಂದಕ್ಕ
ಗಾಡಿ ನಿಲ್ಲಿಸಿ, ಈಕಿ ಯಾರು ಅಂತ ಕೇಳಿದ ಟಾರ್ಚಿನ ಮ್ಯಾಲೆ.
ಒಂದು ಪ್ರೀತಿದು, ನಾಕನೇದು, ತಹಸೀನ್ ಹಾಡ್ಯಾಳ.
ಯಾರ ಮ್ಯಾಲೆ ಅಂತ ಕೇಳಬ್ಯಾಡ್ರಿ.

ಮಿಲ್ಲು ಮಾತ್ರ ಎಲ್ಲಾದರಾಗೂ ಬಂತು.
ಗರ್‍ರ್... ಟಕ್. ಗರ್‍ರ್... ಟಕ್.
ತಗಡು ದಾಟಿ, ಗೋಣಿ ದಾಟಿ,
ಪ್ರೀತಿ ಹಾಡಿನ ನಡುವಿನ ಸಣ್ಣ ಸುಮ್ಮನಿಕಿಗೂ
ಚಪ್ಪಲಿ ಬಿಡದೇ ಬಂತು.
ತೆಗೀಲಿಕ್ಕ ನೋಡಿದೆ, ಮೂರು ರಾತ್ರಿ.
ಅದನ್ನ ತೆಗೆದರ ತಹಸೀನಳ ದನಿ ಬಡಕಲಾಗತಿತ್ತು.
ಇರಲಿ ಬಿಡು, ಅಂದಳು,
ಅದು ನಮಗಿಂತ ಮೊದಲ ಬಂದದ್ದು.
ಅಂಬಾರಾಯ ಆ ಟಕ್ಕಿಗೇ ಕೋಲು ಕೂಡಿಸಿದ.

ಬಿಡುಗಡೆ ಐತಾರ, ತೂಕದ ಖೋಲಿಯಾಗ.
ನಲವತ್ತು ಕ್ಯಾಸೆಟ್.
ಚೀಲಕ್ಕ ನಂಬರ್ ಹೊಡಿಯೋ ಅಚ್ಚಿಲೇ
ರಟ್ಟಿನ ಮ್ಯಾಲೆ ನೀಲಿ ಮಸಿ.
ಕ್ಯಾಸೆಟ್ ಹಾಕೋ ಟೇಪು ಯಾರ ಮನ್ಯಾಗೂ ಇಲ್ಲ,
ಆದರ ಕೈಯಾಗ ಹಿಡೀಲಿಕ್ಕ ಏನರೆ ಬೇಕಲ್ಲ.
ಕೇಳಿಸಿದ್ದು ಫೋನಿನಿಂದ, ಅಂಬಾರಾಯನ ಮಾವನ ಆಟೋದ ಸ್ಪೀಕರಿನಾಗ.
ಬಂದವರು ಹನ್ನೊಂದು ಮಂದಿ,
ಅದರಾಗ ಇಬ್ಬರು ಹಮಾಲರು ನೆಳ್ಳಿಗಿ ಬಂದವರು.
ಭಜಿ ಒಂದು ಪ್ಲೇಟ್ ಉಳೀತು.
ಸಾಹುಕಾರ ಚನ್ನಮಲ್ಲಪ್ಪನೂ ಬಂದ, ಬಾಡಿಗಿ ಕೇಳಲಿಕ್ಕ.
ಬಂದವ ಕುಂತ.

ಮೌನೇಶ ಒದರಿದ್ದಕ್ಕ ಬೆಚ್ಚಲಿಲ್ಲ.
ಎರಡನೇ ಹಾಡಿಗಿ ಕಣ್ಣು ಮುಚ್ಚಿ ಬೆರಳು ಎತ್ತಿದ:
ತಡಿ. ಹಿಂದ ಒಯ್ಯಿ.
ಒಯ್ದೆ.
ಇನ್ನೊಮ್ಮಿ.

ನಮಗ ಯಾರೂ ಇನ್ನೊಮ್ಮಿ ಅಂದಿರಲಿಲ್ಲ.
ತಹಸೀನ್ ನನ್ನ ಮುಂಗೈ ಹಿಡಿದಳು, ಬಳಿ ಒತ್ತುವಂಗ.

ಕಣ್ಣು ತೆರೆದ ಸಾಹುಕಾರ.
ಇದು ಎರಡನೇ ನಂಬರ್ ಮಷಿನ್.
ಬೇರಿಂಗ್ ಹೋಗ್ಯಾದ.
ಮಿಲ್ಲಿನಾಗ ನಿಂತರ ಎಲ್ಲಾ ಕೂಡಿ ಒದರತಾವ, ತಿಳಿಯಂಗಿಲ್ಲ.
ಇದರಾಗ ಭಾಳ ಸಾಫ್ ಕೇಳತದ.
ಖಾಜಾಮಿಯಾಗ ಕರೀರಿ.

ನಮ್ಮ ಮೊದಲನೇ ವಿಮರ್ಶೆ ಅದು.
ಒಂದು ಕ್ಯಾಸೆಟ್ ಒಯ್ದ, ರೊಕ್ಕ ಕೊಟ್ಟೇ ಒಯ್ದ.
ಬಾಡಿಗಿನೂ ಒಯ್ದ.

ಸೋಮವಾರ ಬೇರಿಂಗ್ ಬದಲಾತು.
ಈಗ ಮಿಲ್ಲು ತುಪ್ಪದಾಗ ತಿರುಗಿದಂಗ ತಿರಗತದ.
ಅಂಬಾರಾಯಗ ತಾಳ ಸಿಗವಲ್ದು.
ಕೋಲು ಎತ್ತಿ ಕಾಯತಾನ,
ಬರಬೇಕಾದ ಟಕ್ ಬರಂಗಿಲ್ಲ.
ಹೊಸ ಆಲ್ಬಮ್ಮಿಗಿ ಒಂದೂವರೆ ಹಾಡು ಆಗ್ಯಾವ,
ಎರಡೂ ಸಪ್ಪ.

ನಿನ್ನಿ ತಹಸೀನ್ ಅಂದಳು, ಹಳೇದು ಹಚ್ಚು, ನಾಕನೇದು.
ಹಚ್ಚಿದೆ, ಬಾಗಿಲಾ ತೆರೆದೇ ಇತ್ತು.
ಹೊರಗ ಕಟ್ಟಿ ಮ್ಯಾಲೆ ಬೀಡಿ ಸೇದಿಕೋತ ಕುಂತಿದ್ದ ಖಾಜಾಮಿಯಾ
ಕಿವಿ ನೆಟ್ಟಗ ಮಾಡಿದ,
ಬೀಡಿ ಒಗೆದ,
ಪಾನಾ ಹಿಡಕೊಂಡು ಓಡಿದ
ಎರಡನೇ ನಂಬರಿನ ಕಡಿಗಿ.